ಇಪ್ಪತ್ತೆರಡು ಡಿಗ್ರಿ

ಆಗತಾನೆ ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ. ಪ್ಯಾಕೆಟ್ ಹಿಟ್ಟಿಗೆ ಒಗ್ಗಿಹೋದವರಿಗೆ ಇದು ಮರೆತುಹೋಗಿರುತ್ತದೆ, ನನಗೂ ಮರೆತಿತ್ತು. ಮೊನ್ನೆ ಸಂಜೆ ದಾವಣಗೆರೆಯ ವಿನೋಬನಗರದ ಗಿರಣಿಯಿಂದ ಜೋಳದ ಹಿಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ವಾಪಸಾಗುತ್ತಿದ್ದೆ. ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ ಬಿಸಿ ಸೀರೆಯೊಳಕ್ಕೆ ಇಳಿಯಿತು. ಹಿಂದೆಯೇ ಆ ವಾಸನೆ ಬಂತು: ಸ್ವಲ್ಪ ಸಿಹಿ, ಸ್ವಲ್ಪ ಸೀದದ್ದು, ಕಲ್ಲಿಗೆ ಕಲ್ಲು ಉಜ್ಜಿ ಕಾದದ್ದು. ರಸ್ತೆಯ ಉಬ್ಬೊಂದನ್ನು ಆಟೋ ಹಾರಿತು ನೋಡಿ, ಇಳಿಯುವಷ್ಟರಲ್ಲಿ ನಾನು ಹದಿನೆಂಟರ ಹುಡುಗಿ, ಇರುವುದು ಹರಿಹರದಲ್ಲಿ, ಆಗಿರುವುದು ಲೆಕ್ಕದಲ್ಲಿ ಫೇಲು.

ಹಿಟ್ಟು ಮನೆಯಲ್ಲಿ ಇರಲಿಲ್ಲವೇ ಎಂದರೆ, ಇತ್ತು. ನನಗೆ ಚಿಂತೆ ಹತ್ತಿದಾಗ ಏನಾದರೊಂದು ಕೆಲಸ ಹುಡುಕಿಕೊಂಡು ಹೊರಗೆ ಹೋಗುವುದು ಅಭ್ಯಾಸ. ಚಿಂತೆ ಹತ್ತದ ದಿನ ಯಾವುದು ಎಂದು ಕೇಳಬೇಡಿ. ಗ್ಯಾಸಿನ ಗುಂಡಿ ಬಂದ್ ಆಗಿದೆಯೇ ಎಂದು ಮೂರು ಸಲ ನೋಡುವವಳು ನಾನು. ಮೂರನೆಯ ಸಲ ನೋಡುವಾಗ ನಾನೇ ತಿರುಗಿಸಿಬಿಟ್ಟೆನೇನೋ ಎಂದು ನಾಲ್ಕನೆಯ ಸಲವೂ ನೋಡುತ್ತೇನೆ. ಆವತ್ತಿನ ಚಿಂತೆಗೆ ಮಾತ್ರ ಕಾರಣವಿತ್ತು. ಫಸ್ಟ್ ಪಿಯುಸಿ ಓದುತ್ತಿರುವ ಮಗಳು ಸಿಂಚನ ಕಾಲೇಜಿನಿಂದ ಬಂದವಳೇ ಬ್ಯಾಗನ್ನು ಸೋಫಾದ ಮೇಲೆ ಒಗೆದು, "ಮ್ಯಾಥ್ಸ್ ಟೆಸ್ಟಲ್ಲಿ ಐವತ್ತಕ್ಕೆ ಹನ್ನೊಂದು. ನಾಳೆ ಪ್ರಿನ್ಸಿಪಾಲ್ ಹತ್ರ ಹೋಗಿ ಆರ್ಟ್ಸಿಗೆ ಹಾಕ್ಕೊಡ್ರಿ ಅಂತ ಕೇಳ್ತೀನಿ. ಯಾರಿಗೂ ಹೇಳಬ್ಯಾಡ" ಎಂದು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ಬಾಗಿಲ ಹೊರಗೆ ನಿಂತು ಹೇಳಬೇಕಾದ ಮಾತು ತಾಯಂದಿರಿಗೆ ಗೊತ್ತಿರುತ್ತದಂತೆ. ನನಗೆ ಹೊಳೆದದ್ದು ಜೋಳದ ಡಬ್ಬಿ.

ಗಿರಣಿಯ ಸಾಲಿನಲ್ಲಿ ಪರಿಚಯದವರೊಬ್ಬರು ಸಿಕ್ಕರು. "ಮಗಳು ಹೆಂಗೆ ಓದ್ತಾಳ್ರಿ?" ಎಂದರು. "ಅಯ್ಯೋ, ಚೆನ್ನಾಗಿ ಓದ್ತಾಳ್ರಿ. ಮ್ಯಾಥ್ಸ್ ಅಂದ್ರೆ ಪ್ರಾಣ" ಎಂದೆ. ಅಂದ ಮೇಲೆ ಹೊಳೆಯಿತು: ಮಾತು ನನ್ನದು, ದನಿ ಅಪ್ಪನದಾಗಿತ್ತು.

ಅಪ್ಪನ ಆ ದನಿಯಿಂದಲೇ ಶುರುಮಾಡಬೇಕು. ಸೆಕೆಂಡ್ ಪಿಯುಸಿಯಲ್ಲಿ ನನಗೆ ಗಣಿತದಲ್ಲಿ ನೂರಕ್ಕೆ ಇಪ್ಪತ್ತೆರಡು ಬಂತು. ಉಳಿದ ವಿಷಯಗಳಲ್ಲಿ ಹೇಗೋ ದಾಟಿದ್ದೆ. ಆಗ ನಾವಿದ್ದದ್ದು ನಿಜಲಿಂಗಪ್ಪ ಬಡಾವಣೆಯಲ್ಲಿ. ಕಾಂಪೌಂಡಿಗೆ ಕಾಂಪೌಂಡು ಹತ್ತಿದ ಮನೆಗಳು. ಒಂದು ಮನೆಯ ಸಾರು ಕುದಿದರೆ ನಾಲ್ಕು ಮನೆಗೆ ಗೊತ್ತಾಗುವಾಗ ರಿಸಲ್ಟ್ ಮುಚ್ಚಿಡುವುದು ಹೇಗೆ? ಅಪ್ಪನೇನೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಸಪ್ಲಿಮೆಂಟರಿ ಒಂದು ಬರಿ. ಆಗ್ಲಿಲ್ಲ ಅಂದ್ರೆ ಓದು ಸಾಕು, ಮನ್ಯಾಗಿರು" ಎಂದು ಒಂದೇ ಮಾತು ಹೇಳಿ, ಮರುದಿನ ನನ್ನನ್ನು ಹರಿಹರದ ಬಸ್ಸು ಹತ್ತಿಸಿದರು. ಅಲ್ಲಿ ಅವರ ತಂಗಿ ಗಿರಿಜತ್ತೆ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಓಣಿಯವರು ಕೇಳಿದರೆ ಅಪ್ಪ, "ನಮ್ಮ ಗಿರಿಜಗೆ ಮೈಯಾಗೆ ಹುಷಾರಿಲ್ರಿ. ನೋಡಿಕೊಳ್ಳಾಕೆ ಅಂತ ಮಗಳನ್ನ ಕಳಿಸೀನಿ" ಎನ್ನುತ್ತಿದ್ದರು. ಹೀಗೆ ನಾನು ಫೇಲಾದದ್ದಕ್ಕೆ ಅತ್ತೆ ಕಾಯಿಲೆ ಬಿದ್ದರು.

ಕಾಯಿಲೆಯ ಅತ್ತೆ ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. ನನ್ನ ಟ್ರಂಕನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಬಿರಬಿರನೆ ನಡೆದರು. ಹಿಂದೆ ಏದುಸಿರು ಬಿಡುತ್ತ ಬಂದವಳು, ನೋಡಿಕೊಳ್ಳಲೆಂದು ಬಂದ ನಾನು.

ಮನೆ ಹೊಳೆಯ ಕಡೆ ಇಳಿಯುವ ಒಂದು ಓಣಿಯಲ್ಲಿತ್ತು. ಪಕ್ಕದ ಗೋಡೆಯಾಚೆ ಹಾಲೇಶಪ್ಪನ ಹಿಟ್ಟಿನ ಗಿರಣಿ. ಅದು ಶುರುವಾದರೆ ಅತ್ತೆಯ ಮನೆಯ ಪಾತ್ರೆಗಳು ಗೂಡಿನಲ್ಲಿ ಮೆಲ್ಲಗೆ ನಡುಗುತ್ತಿದ್ದವು. ಕಿಟಕಿ ಮುಚ್ಚಿದರೂ ಒಳಗೆ ತೆಳ್ಳಗೆ ಹಿಟ್ಟು ಬಂದು ಕೂರುತ್ತಿತ್ತು. ಕಾರ್ಖಾನೆಯ ಪಾಳಿ ಮುಗಿಸಿ ಬರುತ್ತಿದ್ದ ಮಾವ ಮಾತು ಕಡಿಮೆಯವರು. ಸೀದ ಅನ್ನವನ್ನು ಮಾತಿಲ್ಲದೆ ಉಣ್ಣುವುದನ್ನು ಬಹಳ ವರ್ಷಗಳ ಹಿಂದೆಯೇ ಕಲಿತಿದ್ದರು. ಅನ್ನ ಯಾಕೆ ಸೀಯುತ್ತಿತ್ತು ಎಂದರೆ, ಅತ್ತೆ ಒಲೆಯ ಮುಂದೆ ಲೆಕ್ಕ ಮಾಡುತ್ತಿದ್ದರು.

ಒಳ್ಳೆಯ ಟೀಚರ್ ಎಂದು ನೀವು ಕಲ್ಪಿಸಿಕೊಳ್ಳುತ್ತಿದ್ದರೆ ತಡೆಯಿರಿ. ಹೇಳಿಕೊಡುವುದರಲ್ಲಿ ಗಿರಿಜತ್ತೆ ಅಷ್ಟಕ್ಕಷ್ಟೆ. ಎರಡು ಹೆಜ್ಜೆ ಬರೆದು ತೋರಿಸುತ್ತ ಮೂರನೆಯದಕ್ಕೆ ತಾವೇ ಮುಳುಗಿಹೋಗುತ್ತಿದ್ದರು. ಎದುರಿಗೆ ಒಬ್ಬ ವಿದ್ಯಾರ್ಥಿನಿ ಕೂತಿದ್ದಾಳೆ ಎಂಬುದೇ ಮರೆತು, ಉತ್ತರ ಬಂದ ಮೇಲೆ ತಲೆ ಎತ್ತಿ, "ಯವ್ವಾ, ಹೆಂಗ್ ಬಂತು ನೋಡೇ!" ಎನ್ನುತ್ತಿದ್ದರು. ಹೇಗೆ ಬಂತು ಎಂದು ತಾನೇ ನಾನು ಕೇಳುತ್ತಿದ್ದದ್ದು! ಅವರಿಗಿದ್ದ ವಿದ್ಯೆ ಬೇರೆ. ಅವರಿಗೆ ಆಶ್ಚರ್ಯ ಹಳತಾಗುತ್ತಿರಲಿಲ್ಲ. ಯಾವುದೇ ಕೋನದ ಸೈನನ್ನು ವರ್ಗ ಮಾಡಿ, ಕಾಸನ್ನು ವರ್ಗ ಮಾಡಿ, ಎರಡನ್ನೂ ಕೂಡಿಸಿದರೆ ಒಂದು ಬರುತ್ತದೆ. ಇದು ಹೈಸ್ಕೂಲು ಮೆಟ್ಟಿಲು ಹತ್ತಿದ ಎಲ್ಲರೂ ಉರುಹೊಡೆದು ಮರೆತ ಸಂಗತಿ. ಅತ್ತೆ ಅದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವರು. ಆದರೂ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ, ಮೂಲೆ ಮಡಚಿದ ಲಾಗ್ ಟೇಬಲ್ ಪುಸ್ತಕ ತೆಗೆದು, ಮನಸ್ಸಿಗೆ ಬಂದ ಒಂದು ಕೋನ ಆರಿಸಿಕೊಂಡು ಗುಣಿಸಿ ಕೂಡಿಸಿ ನೋಡುತ್ತಿದ್ದರು. ಬಂದ ಮೇಲೆ ಲೋಟ ಕೆಳಗಿಟ್ಟು ಹೇಳುತ್ತಿದ್ದರು: "ಇನ್ನೂ ಒಂದೇ ಐತೆ!"

"ಮತ್ತೇನ್ ಆಗ್ಬೇಕಿತ್ತು ಅತ್ತೆ?" ಎಂದೆ ಮೊದಲ ದಿನ.

"ಅಲ್ಲೇ, ಆಕಾಶದಾಗೆ ಇರೋ ಎಲ್ಲಾ ಕೋನಕ್ಕೂ ಒಂದೇ ಅಂದ್ರೆ ಸುಮ್ನೇನಾ? ಯಾವುದಾದ್ರೂ ಒಂದು ಕೋನ ಒಂದಿನ ಸಿಟ್ಟು ಮಾಡ್ಕೊಂಡು ಇಲ್ಲ ಅನ್ಬಹುದಿತ್ತಲ್ಲ. ಅನ್ನಲ್ಲ ನೋಡು."

ನಾನು ಗ್ಯಾಸನ್ನು ಮತ್ತೆ ಮತ್ತೆ ನೋಡುವುದೂ ಅತ್ತೆ ಒಂದನ್ನು ಮತ್ತೆ ಮತ್ತೆ ನೋಡುವುದೂ ಮೇಲುನೋಟಕ್ಕೆ ಒಂದೇ ರೋಗ. ಆಗ ನನಗೂ ಹಾಗೇ ಅನ್ನಿಸಿತ್ತು. ಅಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಅತ್ತೆಗೆ ನಿಜಕ್ಕೂ ಏನೋ ಹುಷಾರಿಲ್ಲ ಎಂದುಕೊಂಡೆ.

ಒಂದು ದಿನ ಅವರು, "ಫಂಕ್ಷನ್ ಅಂದ್ರೆ ಏನೇ?" ಎಂದರು. ಇದು ನನಗೆ ಬರುತ್ತಿತ್ತು. "ಗಿರಣಿ ಇದ್ದಂಗೆ ಅತ್ತೆ. ಜೋಳ ಹಾಕಿದ್ರೆ ಜೋಳದ ಹಿಟ್ಟು ಬರುತ್ತೆ, ಗೋಧಿ ಹಾಕಿದ್ರೆ ಗೋಧಿ ಹಿಟ್ಟು." ನಮ್ಮ ಕಾಲೇಜಿನ ಅರ್ಧ ಹುಡುಗರು ಹೀಗೇ ಹೇಳುತ್ತಿದ್ದರು, ಲೆಕ್ಚರರು ಹೌದು ಎಂದು ತಲೆಯಾಡಿಸುತ್ತಿದ್ದರು. ಅತ್ತೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಿಳಿಜೋಳದ ಡಬ್ಬಿಯನ್ನು ನನ್ನ ಸೊಂಟಕ್ಕೇರಿಸಿ, "ಹೋಗಿ ಬೀಸಿಸ್ಕೊಂಡು ಬಾ" ಎಂದರು.

ಗಿರಣಿಯಲ್ಲಿ ಡಬ್ಬಿಗಳ ಸಾಲಿತ್ತು. ನಡುವೆ ಒಂದು ಕಡೆ ಜಾಗ ಖಾಲಿ ಇದ್ದದ್ದನ್ನು ಕಂಡು ನನ್ನ ಅದೃಷ್ಟವೇ ಎಂದು ಡಬ್ಬಿಯನ್ನು ಅಲ್ಲಿ ತೂರಿಸಿದೆ. ಯಾರೂ ಬೇಡವೆನ್ನಲಿಲ್ಲ, ನನಗೆ ಅನುಮಾನ ಬರಬೇಕಿತ್ತು. ಹಿಟ್ಟನ್ನು ಅತ್ತೆಯ ಮುಂದಿಟ್ಟು ಮುಚ್ಚಳ ತೆಗೆದರೆ, ಬಿಳಿಜೋಳಕ್ಕೆ ಅರಿಶಿನ ಶಾಸ್ತ್ರವಾದ ಹಾಗಿತ್ತು. ನನ್ನ ಮುಂದಿದ್ದಾತ ದನಗಳಿಗೆ ಅಂತ ಒಂದು ಚೀಲ ಮೆಕ್ಕೆಜೋಳ ಒಡೆಸಿಕೊಂಡು ಹೋಗಿದ್ದ. ಆತನ ಹಿಂದಿನ ಜಾಗ ಖಾಲಿ ಇದ್ದದ್ದು ಅದಕ್ಕೇ. ಗಿರಣಿಯಿಂದ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಹೆಂಗಸರು ನಕ್ಕರು. "ದಾವಣಗೆರೆ ಕಾಲೇಜಾಗೆ ಇದನ್ನ ಹೇಳಿಕೊಡಲ್ಲೇನವ್ವಾ? ಮುಂದೆ ಏನ್ ಬೀಸಿದ್ರಿ ಅಂತ ಕೇಳಿ ಡಬ್ಬಿ ಇಡಬೇಕು!" ಒಬ್ಬಾಕೆ ಕನಿಕರದಿಂದ, "ಇರ್ಲಿ ಬಿಡು, ರೊಟ್ಟಿ ಬಂಗಾರದಂಗೆ ಕಾಣ್ತಾವೆ" ಎಂದಳು.

ಅತ್ತೆಗೆ ಮಾತ್ರ ಹಬ್ಬ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡುತ್ತ, "ಏನ್ ಹಾಕ್ದಿ?" ಎಂದರು.

"ಜೋಳ."

"ಏನ್ ಬಂತು?"

"ಜೋಳ. ಮೆಕ್ಕೆಜೋಳನೂ ಕೂಡೈತೆ."

"ಯಾಕ?"

"ಮುಂಚೆ ಅದನ್ನ ಬೀಸಿದ್ರಂತೆ."

"ಹಂಗಾದ್ರೆ ಗಿರಣಿಗೆ ನೆನಪೈತೆ ಅಂದಂಗಾಯ್ತು. ಮುಂಚೆ ಯಾರು ಬಂದಿದ್ರು, ಏನ್ ಹಾಕಿದ್ರು, ಎಲ್ಲಾ ಹೊಟ್ಟ್ಯಾಗೆ ಇಟ್ಕೊಂಡಿರ್ತೈತೆ. ಫಂಕ್ಷನ್ನಿಗೆ ನೆನಪು ಇರೋದಿಲ್ಲ ಕಣೇ. ಮೂರು ಹಾಕಿದ್ರೆ ಇವತ್ತು ಏನ್ ಬರ್ತೈತೋ ನೂರು ವರ್ಷ ಬಿಟ್ಟು ಹಾಕಿದ್ರೂ ಅದೇ ಬರ್ತೈತೆ. ಅದಕ್ಕೇ ಅದು ಫಂಕ್ಷನ್ನು, ಇದು ಗಿರಣಿ."

ಆ ರಾತ್ರಿ ಮಾವ ಹಳದಿ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕೇಳದೆ ತಿಂದರು.

ಇಷ್ಟಾದರೂ ನನಗೆ ಲೆಕ್ಕ ಬರುತ್ತಿತ್ತು ಎಂದು ತಿಳಿಯಬೇಡಿ. ನನ್ನ ಕಷ್ಟ ಬೇರೆಯೇ. ಉತ್ತರ ಬಂದರೂ ನಂಬಿಕೆ ಬರುತ್ತಿರಲಿಲ್ಲ. ಒಂದು ಸಂಖ್ಯೆಗೆ ಆರು ಕೂಡಿಸಿ ವರ್ಗಮೂಲ ತೆಗೆದರೆ ಅದೇ ಸಂಖ್ಯೆ ಬರಬೇಕು, ಅದು ಯಾವುದು ಎಂಬ ಲೆಕ್ಕ. ವರ್ಗಮೂಲ ಕಂಡರೆ ಹೆದರಿಕೆ, ಆದ್ದರಿಂದ ಎರಡೂ ಕಡೆ ವರ್ಗ ಮಾಡಿ ಅದನ್ನು ಓಡಿಸಿದೆ. ಮೂರು ಎಂದೂ ಮೈನಸ್ ಎರಡು ಎಂದೂ ಎರಡು ಉತ್ತರ ಬಂದವು. ಪುಸ್ತಕದ ಹಿಂದೆ ಮೂರು ಮಾತ್ರ ಇತ್ತು. ಇಡೀ ಪುಟ ಹೊಡೆದುಹಾಕಲು ಹೊರಟವಳ ಕೈಯನ್ನು ಅತ್ತೆ ಹಿಡಿದರು. "ಎರಡನ್ನೂ ಅವು ಹುಟ್ಟಿದ ಮನೆಗೆ ಕಳಿಸಿ ನೋಡು. ಯಾವ್ದನ್ನ ಒಳಗೆ ಕರೀತಾರೆ?" ಮೂರಕ್ಕೆ ಆರು ಸೇರಿ ಒಂಬತ್ತು, ವರ್ಗಮೂಲ ಮೂರು. ಒಳಗೆ ಕರೆದರು. ಮೈನಸ್ ಎರಡಕ್ಕೆ ಆರು ಸೇರಿ ನಾಲ್ಕು, ವರ್ಗಮೂಲ ಎರಡು. ಮೈನಸ್ ಎಲ್ಲಿ ಹೋಯಿತು? ಬಾಗಿಲು ಹಾಕಿದರು. "ಇದು ಲೆಕ್ಕದಾಗೆ ಇರಲೇ ಇಲ್ಲ. ನೀನು ಹೆದರ್ಕೊಂಡು ವರ್ಗ ಮಾಡಿದೆ ನೋಡು, ಆಗ ಹುಟ್ಟಿದ್ದು" ಎಂದರು. ಈ ಮಾತನ್ನು ನಾನು ಆಮೇಲೆ ಬದುಕಿನಲ್ಲಿ ಎಷ್ಟು ಕಡೆ ಉಪಯೋಗಿಸಬಹುದಿತ್ತು! ಗಂಡ ಬರುವುದು ಹತ್ತು ನಿಮಿಷ ತಡವಾದರೆ ವರ್ಗ ಮಾಡುತ್ತೇನೆ, ಮಗಳು ಕೆಮ್ಮಿದರೆ ವರ್ಗ ಮಾಡುತ್ತೇನೆ. ಹುಟ್ಟಿದ ಉತ್ತರಗಳನ್ನೆಲ್ಲ ಮನೆಯೊಳಗೆ ಕೂರಿಸಿ ಊಟ ಹಾಕುತ್ತೇನೆ.

ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಭಾನುವಾರ ಅತ್ತೆ ಗಿರಣಿಯ ಬಾಗಿಲಲ್ಲಿ ಒಂದು ಚೀಲ ಗೋಧಿಯನ್ನು ಹೆಗಲಿನಿಂದ ಇಳಿಸುತ್ತಿದ್ದಾಗ, ಆಟೋದಿಂದ ದಾವಣಗೆರೆಯ ನಮ್ಮ ಓಣಿಯ ರತ್ನಮ್ಮ ಇಳಿದರು. ಕೈಯಲ್ಲಿ ಬ್ರೆಡ್ಡು, ಮೋಸಂಬಿ. ಹರಿಹರಕ್ಕೆ ಮದುವೆಗೆ ಬಂದವರು ಕಾಯಿಲೆಯವರನ್ನು ಮಾತಾಡಿಸದೆ ಹೋಗಬಾರದೆಂದು ಬಂದಿದ್ದರು. ಚೀಲವನ್ನು ನೋಡಿದರು, ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು.

"ಹುಷಾರಾದ್ರೇನ್ರಿ?" ಎಂದರು.

"ಯಾರು? ನಾನೇ? ನನಗೇನಾಗಿತ್ರಿ?"

ನಾನು ಕಣ್ಸನ್ನೆ ಮಾಡಿದೆ, ಕೆಮ್ಮಿದೆ. ಅತ್ತೆಗೆ ಕಣ್ಸನ್ನೆ ಎಂಬ ಭಾಷೆಯೇ ಬರುತ್ತಿರಲಿಲ್ಲ. "ಓ, ನಮ್ಮಣ್ಣ ಹಂಗೆ ಹೇಳಿದ್ನಾ? ನನಗೇನೂ ಇಲ್ರಿ. ಇವಳು ಲೆಕ್ಕದಾಗೆ ಫೇಲಾಗ್ಯಾಳೆ, ಓದಾಕೆ ಬಂದಾಳೆ. ಬರ್ರಿ ಒಳಗೆ, ಕೂಡ್ರಿ. ಮೋಸಂಬಿ ಚೆನ್ನಾಗವೆ." ಗಿರಣಿಯ ಸದ್ದನ್ನು ಮೀರಿಸಿ ಮಾತಾಡಿ ಅಭ್ಯಾಸವಾದ ಗಂಟಲು. ಸಾಲಿನಲ್ಲಿದ್ದ ಪ್ರತಿಯೊಂದು ಡಬ್ಬಿಗೂ ಕೇಳಿಸಿತು.

ರತ್ನಮ್ಮ ಹೋದ ಮೇಲೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳತೊಡಗಿದೆ. ಇನ್ನು ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಪಾಸಾದರೂ "ಫೇಲಾಗಿದ್ಲಲ್ಲ, ಆ ಹುಡುಗಿ" ಎಂದೇ ಕರೆಯುತ್ತಾರೆ. ಬಿಳಿಜೋಳಕ್ಕೆ ಹತ್ತಿದ ಹಳದಿ ಇನ್ನು ಹೋಗುವುದಿಲ್ಲ. ಗಿರಿಜತ್ತೆ ಬಂದು ಪಕ್ಕದಲ್ಲಿ ಕೂತರು. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಮೋಸಂಬಿ ಸುಲಿಯುತ್ತ ಕೇಳಿದರು, "ಎಷ್ಟು ಬಂದಿತ್ತೇ?"

ಅಲ್ಲಿಯವರೆಗೂ ಅವರು ನನ್ನ ಅಂಕ ಕೇಳಿಯೇ ಇರಲಿಲ್ಲ ಎಂಬುದು ಆಗ ಗೊತ್ತಾಯಿತು.

"ಇಪ್ಪತ್ತೆರಡು."

"ಸರಿ. ಇಪ್ಪತ್ತೆರಡು ಡಿಗ್ರಿ ಹಾಕು."

"ಏನು?"

"ಇಪ್ಪತ್ತೆರಡು ಡಿಗ್ರಿದು ಸೈನ್ ತೆಗಿ, ಕಾಸ್ ತೆಗಿ. ವರ್ಗ ಮಾಡಿ ಕೂಡ್ಸು." ಲಾಗ್ ಟೇಬಲ್ ಅವರ ಸೆರಗಿನಲ್ಲೇ ಇತ್ತು, ಉಳಿದ ಹೆಂಗಸರಿಗೆ ಬೀಗದ ಕೈ ಇರುವ ಹಾಗೆ.

ಮೂಗು ಒರೆಸಿಕೊಳ್ಳುತ್ತ ತೆಗೆದೆ. ಸೈನಿಗೆ ಸೊನ್ನೆ ಬಿಂದು ಮೂರು ಏಳು ನಾಲ್ಕು ಆರು. ಕಾಸಿಗೆ ಸೊನ್ನೆ ಬಿಂದು ಒಂಬತ್ತು ಎರಡು ಏಳು ಎರಡು. ಗುಣಾಕಾರ ಉದ್ದಕ್ಕೆ ಇಳಿಯಿತು, ಒಂದು ಹನಿ ಕಣ್ಣೀರು ಬಿದ್ದ ಕಡೆ ಶಾಯಿ ಹರಡಿತು. ಬಿಂದುವಿನಾಚೆ ನಾಲ್ಕು ಅಂಕಿ ಉಳಿಸಿಕೊಂಡೆ. ಒಂದು ಪಾಲು ಬಹಳ ಚಿಕ್ಕದು, ಇನ್ನೊಂದು ದೊಡ್ಡದು. ಇವೆರಡಕ್ಕೂ ಏನೇನೂ ಸಂಬಂಧ ಕಾಣಲಿಲ್ಲ. ಕೂಡಿಸಿದೆ. ಮೂರಕ್ಕೆ ಏಳು, ಹತ್ತು, ಕೈಲೊಂದು... ಒಂದೊಂದು ಮನೆಯಲ್ಲೂ ಸೊನ್ನೆ ಬಂದು ಕೂರುತ್ತ ಹೋಯಿತು. ಕೊನೆಗೆ ಎಡಗಡೆ ಒಂದು ನಿಂತಿತು.

ಎಷ್ಟೋ ಸಲ ಆ ಸೂತ್ರವನ್ನು ಬರೆದಿದ್ದೆ. ಅದು ಬರುವುದನ್ನು ನೋಡಿರಲಿಲ್ಲ. ಕತ್ತಲಲ್ಲಿ ಮೆಟ್ಟಿಲಿಲ್ಲವೆಂದು ಹೆದರಿ ಇಟ್ಟ ಕಾಲಿಗೆ ಮೆಟ್ಟಿಲು ಸಿಕ್ಕ ಹಾಗಾಯಿತು.

"ಬಂತಾ?" ಎಂದರು ಅತ್ತೆ.

"ಬಂತು. ಒಂದು."

"ನೋಡಿದ್ಯಾ?" ಅವರ ಮುಖದಲ್ಲಿ ನಿಜವಾದ ಬೆರಗಿತ್ತು. "ಅದಕ್ಕೆ ನೀನು ಫೇಲಾಗಿದ್ದು ಗೊತ್ತೇ ಇಲ್ಲ."

ಓಣಿಗೆ ಗೊತ್ತು, ಗಿರಣಿಗೆ ಗೊತ್ತು, ಅಪ್ಪನಿಗೆ ಗೊತ್ತು. ಅದಕ್ಕೆ ಗೊತ್ತಿಲ್ಲ. ರ‍್ಯಾಂಕ್ ಬಂದ ಹುಡುಗಿಗೆ ಬರುವ ಒಂದೂ ನನಗೆ ಬಂದ ಒಂದೂ ಕೂದಲೆಳೆಯಷ್ಟೂ ಬೇರೆಯಲ್ಲ. ಅಷ್ಟು ದೊಡ್ಡದೊಂದು ಮರೆವು ಈ ಲೋಕದಲ್ಲಿ ಇರುವುದು, ಅದು ಯಾರು ಬಾಗಿಲು ತಟ್ಟಿದರೂ ತೆರೆಯುವುದು, ನನಗೆ ಆ ಮೆಟ್ಟಿಲ ಮೇಲೆ ಮೊದಲ ಸಲ ತಿಳಿಯಿತು. ಮೋಸಂಬಿ ಹುಳಿಯಾಗಿತ್ತು, ಅದೂ ನೆನಪಿದೆ.

ಆ ವಾರವೇ ಇರಬೇಕು, ಚಕ್ರದ ಪ್ರಸಂಗ ನಡೆದದ್ದು. ಸಂಜೆ ಕರೆಂಟು ಹೋಗಿತ್ತು. ಗಿರಣಿಯ ದೊಡ್ಡ ಚಕ್ರ ಬೆಲ್ಟು ಕಳಚಿಕೊಂಡು ಸುಮ್ಮನೆ ನಿಂತಿತ್ತು. ಅದರ ಅಂಚಿಗೆ ಹಾಲೇಶಪ್ಪ ಯಾವುದೋ ಗುರುತಿಗೆಂದು ಒಂದು ಕೆಂಪು ಬಟ್ಟೆಯ ಗಂಟು ಕಟ್ಟಿದ್ದ. ಇಳಿಬಿಸಿಲು ಬಾಗಿಲಿನಿಂದ ನೇರ ಬಂದು ಚಕ್ರವನ್ನು ಅಂಚಿನ ಕಡೆಯಿಂದ ಹೊಡೆಯುತ್ತಿತ್ತು. ಹಿಟ್ಟು ಮೆತ್ತಿದ ಎದುರು ಗೋಡೆಯ ಮೇಲೆ ಚಕ್ರದ ನೆರಳು ದುಂಡಗಿರಲಿಲ್ಲ, ನಿಲ್ಲಿಸಿದ ಕೋಲಿನ ಹಾಗೆ ಒಂದು ಗೆರೆ ಮಾತ್ರ. ಆ ಗೆರೆಯ ಪಕ್ಕದಲ್ಲಿ ಗಂಟಿನ ನೆರಳು. ಅತ್ತೆ ಅದನ್ನು ನೋಡಿ ನಿಂತುಬಿಟ್ಟರು.

"ಹಾಲೇಶಪ್ಪ, ಚಕ್ರನ ಕೈಲಿ ಸ್ವಲ್ಪ ತಿರುಗ್ಸು. ಮೆಲ್ಲಕೆ, ಒಂದೇ ಸಮ."

"ಕರೆಂಟಿಲ್ದೆ ಏನ್ ಬೀಸಾಕೆ ಬರ್ತೈತ್ರಿ ಟೀಚರ್ರೇ?"

"ನೀನು ತಿರುಗ್ಸು ಮಾರಾಯಾ."

ಆತ ತಿರುಗಿಸಿದ. ಗಂಟು ದುಂಡಗೆ ಸುತ್ತುತ್ತಿತ್ತು, ಗೋಡೆಯ ಮೇಲೆ ಅದರ ನೆರಳು ಏರುತ್ತಿತ್ತು, ಇಳಿಯುತ್ತಿತ್ತು, ಅಷ್ಟೆ. "ಅದು ಎಷ್ಟು ಎತ್ತರ ಇರ್ತೈತೋ ಅದೇ ಸೈನು" ಎಂದು ಅತ್ತೆ ನನ್ನ ಬೆರಳನ್ನು ಗೋಡೆಗೆ ಒತ್ತಿದರು. "ನಾನು ಹೇಳ್ದಂಗೆ ಬೆರಳು ಆಡ್ಸು, ಗೋಡೆಗುಂಟ ನಡಿ. ನಿಲ್ಲಬ್ಯಾಡ." ನಾನು ನಡೆದೆ. ಅತ್ತೆ ನೆರಳನ್ನು ನೋಡುತ್ತ ಕೂಗುತ್ತಿದ್ದರು. "ಮೇಲೆ, ಮೇಲೆ, ಜಲ್ದಿ, ಇನ್ನೂ ಮೇಲೆ... ನಿಧಾನ... ನಿಧಾನ... ತುದಿಗೆ ಬಂತು, ಇಳಿ, ಇಳಿ, ಬಿರಬಿರ ಇಳಿ... ಮತ್ತೆ ನಿಧಾನ..." ಗೋಡೆಯ ಮೂಲೆ ಮುಟ್ಟಿ ತಿರುಗಿ ನೋಡಿದೆ.

ಹಿಟ್ಟಿನಲ್ಲಿ ಬೆರಳು ಬಿಟ್ಟ ಗೆರೆ ಏರಿ, ಬಾಗಿ, ಇಳಿದು, ಮತ್ತೆ ಬಾಗಿ, ಏರಿ, ಗೋಡೆಯುದ್ದಕ್ಕೂ ಹರಿದಿತ್ತು. ಪುಸ್ತಕದಲ್ಲಿ ಕಂಡು ಹೆದರುತ್ತಿದ್ದ ಅದೇ ಚಿತ್ರ. ಯಾರೂ ಬರೆದದ್ದಲ್ಲ ಅದು. ಚಕ್ರ ಸುತ್ತಿತು, ನಾನು ನಡೆದೆ, ತಾನಾಗಿ ಬಂತು.

ಹಾಲೇಶಪ್ಪ ಚಕ್ರ ಬಿಟ್ಟು ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ. "ಹೊಳಿ ತೆರೆ ಬಂದಂಗೈತಲ್ರೀ! ಇದು ನಮ್ಮ ಚಕ್ರದಾಗೆ ಇತ್ತೇ?" ಎಂದ. ನಿಂತ ಕಡೆಯೇ ಸುತ್ತುವುದು, ಪಕ್ಕದಲ್ಲಿ ಯಾರೋ ನಡೆದರೆ ಹೊಳೆಯಾಗುತ್ತದೆ. ಓದಿದ್ದನ್ನೇ ಓದುತ್ತ, ಅದೇ ಪರೀಕ್ಷೆಗೆ ಮತ್ತೆ ಕೂರಲು ಹೊರಟಿದ್ದ ನನಗೆ ಅದು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ತಾಗಿತೆಂದು ಕಾಣುತ್ತದೆ. ಆ ಗೆರೆ ಕೆಲವು ದಿನ ಗೋಡೆಯ ಮೇಲಿತ್ತು. ಆಮೇಲೆ ಹರಿಹರದ ರೊಟ್ಟಿಗಳ ಹಿಟ್ಟು ಮೆಲ್ಲಗೆ ಅದನ್ನು ಮುಚ್ಚಿತು.

ಪರೀಕ್ಷೆಯ ದಿನ ದಾವಣಗೆರೆಯ ಪರೀಕ್ಷಾ ಕೊಠಡಿಯಲ್ಲಿ ಕೂತಾಗ ನಿರೀಕ್ಷಿಸಿದ್ದೇ ಆಯಿತು, ತಲೆ ಖಾಲಿ. ನೂರೈವತ್ತು ಡಿಗ್ರಿಯ ಸೈನ್ ಬೇಕಿತ್ತು. ಅದು ಪ್ಲಸ್ಸೋ ಮೈನಸ್ಸೋ ನೆನಪಿಡಲು ಕಾಲೇಜಿನಲ್ಲಿ "ಆಲ್ ಸಿಲ್ವರ್ ಟೀ ಕಪ್ಸ್" ಎಂದು ಹೇಳಿಕೊಟ್ಟಿದ್ದರು. ಕಪ್ಪುಗಳು ನೆನಪಿದ್ದವು, ಯಾವ ಮೂಲೆಯಲ್ಲಿ ಇಡಬೇಕು ಎಂಬುದು ಮರೆತಿತ್ತು. ಈ ಲೆಕ್ಕ ಹೋದರೆ ಪಾಸಿಲ್ಲ, ಪಾಸಿಲ್ಲವಾದರೆ ಓದಿಲ್ಲ, ಎಂದು ವರ್ಗ ಮಾಡತೊಡಗಿದೆ. ಅಷ್ಟರಲ್ಲಿ ಎಲ್ಲಿಂದಲೋ ಹಿಟ್ಟಿನ ವಾಸನೆ ಬಂದ ಹಾಗಾಯಿತು. ನನ್ನ ಲಂಗಕ್ಕೇ ಮೆತ್ತಿತ್ತೇನೋ. ಅಂಚಿನಲ್ಲಿ ಒಂದು ಚಕ್ರ ಬರೆದೆ. ಗಂಟನ್ನು ಮೂವತ್ತಕ್ಕೆ ಏರಿಸಿದೆ, ತುದಿ ದಾಟಿಸಿದೆ, ಆ ಕಡೆ ನೂರೈವತ್ತಕ್ಕೆ ಇಳಿಸಿದೆ. ಎತ್ತರ ಅದೇ! ಮೂವತ್ತಕ್ಕೆ ಎಷ್ಟೋ ಅಷ್ಟೇ, ಅರ್ಧ. ನೆನಪು ಬೇಕಾಗಲೇ ಇಲ್ಲ. ಮುಂದಿನ ಪ್ರಶ್ನೆಗೆ ಹೋದೆ.

ಪಾಸಾದೆ. ಪೇಪರಿನಲ್ಲಿ ಫೋಟೋ ಬರುವ ಹಾಗಲ್ಲ, ಓಣಿಯಲ್ಲಿ ತಲೆಯೆತ್ತಿ ನಡೆಯುವ ಹಾಗೆ. ಪಾಸಾಗಿ ಏನು ಮಾಡಿದೆ ಗೊತ್ತೇ? ಬಿ.ಎ.ಗೆ ಸೇರಿದೆ. ಹೇಳಲು ನಾಚಿಕೆಯಾಗಿ ಅತ್ತೆಯ ಮನೆಯ ಬಾಗಿಲಲ್ಲಿ ನಿಂತವಳಿಗೆ ಅವರು, "ಯಾವ್ದಾದ್ರೂ ಓದೇ, ಅದಕ್ಕೇನು? ಆಗಾಗ ಒಂದ್ಸಲ ನೋಡ್ತಿರು" ಎಂದರು.

"ಏನನ್ನ ಅತ್ತೆ?"

"ಇನ್ನೂ ಒಂದೇ ಐತಾ ಅಂತ."

ಆಮೇಲೆ ನಾನು ಗ್ಯಾಸು ನೋಡಿದೆ, ಬೀಗ ನೋಡಿದೆ, ಮಗಳ ಹಣೆ ಮುಟ್ಟಿ ನೋಡಿದೆ, ಗಂಡನ ಸಕ್ಕರೆ ನೋಡಿದೆ. ಅದೊಂದನ್ನು ನೋಡಲಿಲ್ಲ.

ಆಟೋ ಮನೆಯ ಮುಂದೆ ನಿಂತಾಗ ಚೀಲ ಇನ್ನೂ ಬೆಚ್ಚಗಿತ್ತು. ಸಿಂಚನಳ ಬಾಗಿಲು ಇನ್ನೂ ಮುಚ್ಚಿತ್ತು. ದಾರಿಯಲ್ಲಿ ನಾನು ಹುಟ್ಟಿಸಿಕೊಂಡಿದ್ದ ಉತ್ತರಗಳು ಬಹಳ: ಇವಳ ಭವಿಷ್ಯ, ಇವಳ ಅಪ್ಪನ ಮುಖ, ಗಿರಣಿಯ ಪರಿಚಯದವರ ಬಾಯಿ. ಒಂದೊಂದನ್ನೂ ಹುಟ್ಟಿದ ಮನೆಗೆ ಕಳಿಸಿದೆ. ಲೆಕ್ಕದಲ್ಲಿ ಇದ್ದದ್ದು ಒಂದು ಟೆಸ್ಟು, ಹನ್ನೊಂದು ಅಂಕ, ಒಂದು ಹುಡುಗಿ. ಬಾಗಿಲು ತಟ್ಟಿ, ಏನು ಹೇಳಬೇಕೆಂದು ಆಗಲೂ ತೋಚದೆ, ಹರಿಹರಕ್ಕೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

ಗಿರಿಜತ್ತೆಗೆ ಈಗ ವಯಸ್ಸಾಗಿದೆ. ಗಿರಣಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಗಂಟಲು ಮಾತ್ರ ಅದೇ. "ಅತ್ತೆ, ಸಿಂಚನಗೆ ಮ್ಯಾಥ್ಸು ಸ್ವಲ್ಪ..." ಎಂದು ನಾನು ನಾಜೂಕಾಗಿ ಶುರುಮಾಡುವುದರೊಳಗೆ, "ಫೇಲಾದ್ಲೇನು?" ಎಂದರು, ಅಕ್ಕಪಕ್ಕದ ಮನೆಗೂ ಕೇಳುವ ಹಾಗೆ. "ಆಗ್ಲಿ ಬಿಡು. ನಿಮ್ಮಮ್ಮ ಫೇಲಾಗಿ ನಮ್ಮನ್ಯಾಗೆ ಬಂದು ಕುಂತಿರ್ಲಿಲ್ಲೇನೇ ಕೂಸೇ? ಮೆಟ್ಲ ಮೇಲೆ ಕುಂತು ಹೆಂಗ್ ಅತ್ಲು ಅಂತೀಯಾ! ಬಿಳಿಜೋಳ ಹಳದಿ ಮಾಡ್ಕೊಂಡು ಬಂದಿದ್ಲು."

ಬಾಗಿಲು ತೆರೆಯಿತು. ಊದಿದ ಕಣ್ಣುಗಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ನೋಡಿದವು. "ನೀನಾ? ಫೇಲಾ? ಎಷ್ಟು ಬಂದಿತ್ತು?"

"ಇಪ್ಪತ್ತೆರಡು" ಎಂದೆ.

"ಕೂಸೇ, ನಿಂದೆಷ್ಟು?" ಎಂದಿತು ಫೋನು.

"ಹನ್ನೊಂದು ಅಜ್ಜಿ."

"ಹನ್ನೊಂದು ಡಿಗ್ರಿ ಹಾಕು. ಸೈನು, ಕಾಸು, ವರ್ಗ ಮಾಡಿ ಕೂಡ್ಸು."

ಸಿಂಚನ, ಈ ಮನೆಯವರಿಗೆಲ್ಲ ತಲೆ ಕೆಟ್ಟಿದೆ ಎಂಬಂತೆ ಕ್ಯಾಲ್ಕ್ಯುಲೇಟರ್ ತೆಗೆದು ಒತ್ತಿದಳು. ಲಾಗ್ ಟೇಬಲಿನಷ್ಟು ಹೊತ್ತು ಬೇಕಾಗಲಿಲ್ಲ. ಆದರೂ ಆ ಒಂದು ಕ್ಷಣ ನಾನು ಉಸಿರು ಹಿಡಿದೆ. ಇಷ್ಟು ವರ್ಷ ನಾನು ನೋಡದೆ ಬಿಟ್ಟಿದ್ದೆ, ಏನಾದರೂ ಆಗಿದ್ದರೆ?

"ಒಂದು" ಎಂದಳು.

ಆ ಕಡೆ ಲೋಟ ಕೆಳಗಿಟ್ಟ ಸದ್ದು. "ಇನ್ನೂ?" ಎಂದರು ಅತ್ತೆ.

ಸಿಂಚನ ನಕ್ಕಳು. ನಂಬದವಳ ಹಾಗೆ ಇಪ್ಪತ್ತೆರಡು ಒತ್ತಿದಳು, ಆಮೇಲೆ ತನಗೆ ತೋಚಿದ್ದನ್ನು ಒತ್ತಿದಳು. ಯಾಕೆ ಹೀಗೆ ಎಂದು ಕೇಳಿದಳು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಹಿಟ್ಟನ್ನು ಹರವಿದೆ. ಡಬ್ಬಿಯ ಮುಚ್ಚಳದ ಅಂಚಿಗೆ ನನ್ನ ಹಣೆಯ ಬಿಂದಿಯನ್ನು ಅಂಟಿಸಿ ಅವಳ ಕೈಗೆ ಕೊಟ್ಟು, ಅದನ್ನು ಅಂಚಿನ ಕಡೆಯಿಂದ ನೋಡುತ್ತ ಮೆಲ್ಲಗೆ ತಿರುಗಿಸಲು ಹೇಳಿದೆ. ಮರುದಿನ ಅವಳು ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ನನ್ನಂಥವಳಿಗೆ ಅದು ಸಣ್ಣ ಸಾಧನೆಯಲ್ಲ. ಆದರೆ ಅದು ಮರುದಿನದ ಮಾತು. ಆಗ ನನಗೆ ಕಾಣುತ್ತಿದ್ದದ್ದು ಕಟ್ಟೆಯ ಮಟ್ಟಕ್ಕೆ ಬಗ್ಗಿ ಒಂದು ಕಣ್ಣು ಮುಚ್ಚಿ ಬಿಂದಿಯನ್ನೇ ನೋಡುತ್ತಿದ್ದ ಮಗಳ ಮುಖ.

"ಮೇಲೆ" ಎಂದಳು. "ಮೇಲೆ, ಇನ್ನೂ ಮೇಲೆ... ಅಮ್ಮ, ನಿಧಾನ... ಈಗ ಇಳಿ."

ಬೆಚ್ಚಗಿನ ಹಿಟ್ಟಿನಲ್ಲಿ ನನ್ನ ಬೆರಳು ಇಳಿಯಿತು.